ಬಾಗಿಲಮ್ಮ ಬಂದಿದ್ದ ಮಾಗಿ

ಹೋದ ವಾರ ಅಡುಗೆಮನೆಯ ಮೋರಿ ಕಟ್ಟಿಕೊಂಡಿತ್ತು. ಅಂಗಡಿಯಿಂದ ಸೋಡಾ ಪುಡಿ ತಂದು, ಕುದಿಯುವ ನೀರಿಗೆ ಹಾಕಿ ಕಲಕಿದೆ. ಹಬೆ ಮುಖಕ್ಕೆ ಹೊಡೆಯಿತು. ಮೂಗಿನ ತುದಿಯನ್ನು ಸಣ್ಣಗೆ ಚುಚ್ಚುವ ಆ ವಾಸನೆ ಬಂದದ್ದೇ ತಡ, ಹಾಸನದ ಈ ಮನೆ, ಪಕ್ಕದವರ ಟೀವಿ ಸದ್ದು ಎಲ್ಲ ಹಿಂದೆ ಸರಿದುಬಿಟ್ಟವು. ನಾನು ನಮ್ಮೂರಿನ ಒಂದು ಕೊಟ್ಟಿಗೆಯಲ್ಲಿ ಮಂಡಿಯೂರಿ ಕೂತಿದ್ದೆ. ಎದುರಿಗೆ ಜ್ವರದಲ್ಲಿ ನಡುಗುವ ಹಸು. ಅದರ ಆಚೆ ಬದಿಯಲ್ಲಿ, ನಮ್ಮವ್ವನ ಹಳೇ ಸೀರೆಯನ್ನು ಶಾಲಿನಂತೆ ಹೊದ್ದು, ಗೊರಸಿಗೆ ಬಿಸಿನೀರು ಹುಯ್ಯುತ್ತಾ ಬಾಗಿಲಮ್ಮ. ಮೋರಿಗೆಂದು ಕಾಸಿದ ನೀರು ಆರಿಹೋಗುವವರೆಗೂ ನಾನು ಒಲೆಯ ಮುಂದೆ ಹಾಗೇ ನಿಂತಿದ್ದೆ.

ಅದು ತೊಂಬತ್ತರ ದಶಕದ ಕೊನೆಯ ಒಂದು ಮಾಗಿ. ಬಾಣಾವರದ ಹೈಸ್ಕೂಲಿನಲ್ಲಿ ನಾನು ಟೀಚರಾಗಿ ಸೇರಿ ಎರಡು ವರ್ಷವಾಗಿತ್ತು. ಬಾಣಾವರದಿಂದ ಜಾವಗಲ್ ಕಡೆಗೆ ಹೋಗುವ ಹಾದಿಯಲ್ಲಿ ನಮ್ಮೂರು. ಊರಿನ ಪಡುವಲಿಗೆ, ಕೆರೆ ಏರಿಯ ಕೆಳಗೆ ನಮ್ಮ ಕೇರಿ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಒಂದು ಸಲ ನಾಗಪುರಕ್ಕೆ ಹೋಗಿ ಬಂದವನು ಗೋಡೆಯ ಮೇಲಿದ್ದ ಪಟಗಳನ್ನೆಲ್ಲ ಇಳಿಸಿ ಬುದ್ಧನ ಪಟವೊಂದನ್ನೇ ಉಳಿಸಿಕೊಂಡಿದ್ದ. ನಮ್ಮ ಕೇರಿಯಿಂದ ಬಿ.ಎಡ್. ಓದಿದ ಮೊದಲ ಹೆಣ್ಣುಮಗಳು ನಾನು. ಇಂಗ್ಲಿಷು ಬರುತ್ತೆ ಅಂತ ಸುತ್ತಮುತ್ತ ಹೆಸರಾಗಿತ್ತು.

ಆ ಹೆಸರೇ ನನಗೆ ಈ ಕೆಲಸ ತಂದದ್ದು. ಒಂದು ದಿನ ಹೆಡ್‌ಮಾಸ್ಟರು ಕರೆದು, "ಭಾಗ್ಯ, ಆಫ್ರಿಕಾದಿಂದ ಒಬ್ಬ ಮೇಡಮ್ ಬತ್ತಾರಂತೆ. ಮೈಸೂರಲ್ಲಿ ಟ್ರೈನಿಂಗು. ಹಳ್ಳಿಯಲ್ಲಿ ಹಾಲಿನ ಡೈರಿ ಹೆಂಗೆ ನಡೀತೈತೆ ಅಂತ ಎರಡು ತಿಂಗಳು ಕೂತು ನೋಡ್ತಾರಂತೆ. ನಿಮ್ಮೂರಿನ ಡೈರೀನೇ ಆರಿಸವ್ರೆ. ಬೆಳಿಗ್ಗೆ ಸಾಯಂಕಾಲ ನೀನೇ ಅವರ ಜೊತೆ ಇದ್ದು ಮಾತು ತಿಳಿಸಿಕೊಡು" ಅಂದರು.

ಅವರು ಅರಸೀಕೆರೆಯಲ್ಲಿ ಗಾಡಿ ಬದಲಿಸಿ ಬಾಣಾವರದಲ್ಲಿ ಇಳಿದರು. ಎತ್ತರದ, ತುಂಬಿದ ಮೈಯ, ನಲವತ್ತು ದಾಟಿದ ಹೆಂಗಸು. ಪೆಟ್ಟಿಗೆ ಎತ್ತಿಕೊಳ್ಳಲು ನಾನು ಕೈಚಾಚಿದರೆ ಕೊಡಲಿಲ್ಲ. ತಮ್ಮ ಎರಡೂ ಕೈಯಿಂದ ನನ್ನ ಕೈ ಹಿಡಿದು, "ದುಮೇಲ, ಮ್ಮಾ" ಅಂದರು. ಅದು ಅವರ ಕಡೆಯ ನಮಸ್ಕಾರ. ಹೆಂಗಸರನ್ನು 'ಮ್ಮಾ' ಅಂತ ಕರೆಯುವುದು ಅಲ್ಲಿಯ ಮರ್ಯಾದೆ. ನಮ್ಮೂರಿನವರಿಗೆ ಇದು ತಿಳಿಸಿ ಹೇಳಬೇಕಾಗಲೇ ಇಲ್ಲ. "ನೋಡ್ರವ್ವ, ಬಂದ್ ದಿನಾನೇ ಅಮ್ಮಾ ಅಂತ ಕನ್ನಡ ಕಲ್ತವ್ರೆ" ಅಂದುಕೊಂಡರು.

ಹೆಸರು ಮಾತ್ರ ಯಾರ ನಾಲಿಗೆಗೂ ಹತ್ತಲಿಲ್ಲ. ಕೆಲೆಬೊಗಿಲೆ. ಮೊದಲ ದಿನ ಡೈರಿಯ ಮುಂದೆ ಹಾಲು ತಂದು ನಿಂತಿದ್ದ ಹೆಂಗಸರು ಬಾಯಲ್ಲಿ ಅದನ್ನು ಹೊರಳಿಸಿ ನೋಡಿದರು. ನಮ್ಮ ಕೇರಿಯ ದ್ಯಾವಮ್ಮ, ಹಲ್ಲೆಲ್ಲ ಕಾಣುವ ಹಾಗೆ ನಕ್ಕು, "ಬೊಗಿಲೆನೋ ಬಾಗಿಲೋ, ನಾನಂತೂ ಬಾಗಿಲಮ್ಮ ಅಂತೀನಿ" ಅಂದಳು. ನಾನು ತಿಳಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅವರು ಊರಿಗೆಲ್ಲ ಬಾಗಿಲಮ್ಮ.

ಡೈರಿಯ ಅಧ್ಯಕ್ಷರು ರುದ್ರಪ್ಪನವರು. ಒಳ್ಳೆಯ ಮನುಷ್ಯ, ಗಟ್ಟಿ ದನಿ, ಹತ್ತು ಅಂಕಣದ ದೊಡ್ಡ ಮನೆ. ಬಾಗಿಲಮ್ಮನಿಗೆ ತಮ್ಮ ಮನೆಯಲ್ಲೇ ಕೋಣೆ ಕೊಟ್ಟಿದ್ದರು. ಬಂದ ಸಾಯಂಕಾಲ ಅವರ ಪಡಸಾಲೆಯಲ್ಲಿ ಬಾಗಿಲಮ್ಮನಿಗೆ ಕಾಫಿ ಬಂತು. ನನಗೆ ಜಗುಲಿಯ ತುದಿಗೆ, ಬೇರೆ ಲೋಟದಲ್ಲಿ ಬಂತು. ನಾನು ಟೀಚರಾಗಿದ್ದರೂ ಆ ಮನೆಯ ಹೊಸಿಲು ದಾಟಿರಲಿಲ್ಲ. ದಾಟಬೇಕು ಅಂತ ಯೋಚನೆಯೂ ಬಂದಿರಲಿಲ್ಲ. ಒಳಗೆ ಕೂತವರ ಮಾತನ್ನು ಜಗುಲಿಯಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಬಾಗಿಲಮ್ಮ ಲೋಟ ನೋಡಿದರು, ಹೊಸಿಲು ನೋಡಿದರು, ನನ್ನ ಮುಖ ನೋಡಿದರು. ಮಾರನೆಯ ದಿನ ಪೆಟ್ಟಿಗೆ ಹೊತ್ತು ನಮ್ಮ ಮನೆಯ ಮುಂದೆ ನಿಂತಿದ್ದರು. "ಊಟದ ಹೊತ್ತಲ್ಲಿ ಪದಗಳ ಅರ್ಥ ಕೇಳಬೇಕಾಗುತ್ತೆ, ನೀನು ಹತ್ತಿರ ಇರಬೇಕು ಅಂತ ಅಧ್ಯಕ್ಷರಿಗೆ ಹೇಳಿ ಬಂದೆ" ಅಂದರು. ಅವ್ವ ಗಾಬರಿಯಾಗಿ, ಇದ್ದ ಒಂದೇ ಮಂಚದ ಮೇಲೆ ಹೊಸ ಜಮಖಾನ ಹಾಸಿದಳು.

ರಾಗಿ ಕುಯ್ಲು ಮುಗಿದು ಹೊಲಗಳಲ್ಲಿ ಮೆದೆ ಬಿದ್ದಿದ್ದ ಕಾಲ. ಅವರೆಕಾಯಿಯ ಸೊಗಡು ಮನೆಮನೆಯಿಂದಲೂ ಬರುತ್ತಿತ್ತು. ಬೆಳಗಿನ ಮಂಜಿನಲ್ಲಿ ಹಾಲಿನ ಕ್ಯಾನು ಹಿಡಿದು ಬರುವವರ ಕಾಲಷ್ಟೇ ಕಾಣುತ್ತಿದ್ದವು. ಅವ್ವನ ಹಳೇ ಸೀರೆ ಹೊದ್ದು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಬಾಗಿಲಮ್ಮ ಆ ಮಂಜಿನಲ್ಲಿ ಎಲ್ಲರಿಗಿಂತ ಮೊದಲೇ ಡೈರಿಗೆ ಹೋಗಿ ನಿಲ್ಲುತ್ತಿದ್ದರು. ಯಾರ ಹಸು, ಎಷ್ಟನೇ ಕರು, ಏನು ಮೇವು ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. ಅವರು ತಮ್ಮ ದೇಶದಲ್ಲಿ ಪಶು ಇಲಾಖೆಯ ಅಧಿಕಾರಿ.

ಆ ದೇಶ ಬೋಟ್ಸ್ವಾನಾ. ಸ್ಕೂಲಿನ ಭೂಪಟದಲ್ಲಿ ಹುಡುಕಿದರೆ ಆಫ್ರಿಕಾದ ತೆಂಕಣ ತುದಿಗಿಂತ ಸ್ವಲ್ಪ ಮೇಲೆ, ಸುತ್ತಲೂ ನೆಲ, ಎಲ್ಲೂ ಸಮುದ್ರ ಇಲ್ಲದ ದೇಶ. ಅರ್ಧಕ್ಕರ್ಧ ಮರಳುಗಾಡು. ಅವರ ಊರಿನ ಹೆಸರನ್ನು ನಾನು 'ಮೌನ' ಎಂದು ಓದಿದೆ. ಅವರು ತಿದ್ದಿದರು, "ಮಾ-ಊನ್." ಮೌನದ ಅರ್ಥ ಹೇಳಿದಾಗ, "ನಮ್ಮೂರಿನವರು ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ" ಎಂದು ನಕ್ಕರು.

ಸಾಯಂಕಾಲ ಹಾಲು ಅಳೆದಾದ ಮೇಲೆ ಡೈರಿಯ ಮೆಟ್ಟಿಲ ಮೇಲೆ ಜನ ಅವರನ್ನು ಸುತ್ತಿಕೊಳ್ಳುತ್ತಿದ್ದರು. ಅವರು ಕೇಳಿದ್ದಕ್ಕಿಂತ ಅವರನ್ನು ಕೇಳಿದ್ದೇ ಹೆಚ್ಚು. ಅವರು ಹುಟ್ಟಿದಾಗ ಅವರ ದೇಶ ಇಂಗ್ಲಿಷರ ಕೈಯಲ್ಲಿತ್ತಂತೆ. ಬಿಟ್ಟು ಹೋಗುವಾಗ ಇಂಗ್ಲಿಷರು, ಇದು ಬದುಕುವ ದೇಶವಲ್ಲ ಎಂದುಕೊಂಡೇ ಹೋದರಂತೆ. ಡಾಂಬರು ರಸ್ತೆ ಅನ್ನುವುದು ಹುಡುಕಿದರೂ ಸಿಗುತ್ತಿರಲಿಲ್ಲ. ಅವರ ಸ್ಕೂಲು ಒಂದು ಮರದ ನೆರಳು. ಮಳೆ ಬಂದರೆ ರಜೆ. ಮಳೆ ಬರುತ್ತಿದ್ದುದೇ ಅಪರೂಪ. ಅವರಪ್ಪ ಪಕ್ಕದ ದೇಶದ ಚಿನ್ನದ ಗಣಿಗೆ ಇಳಿದು, ಎಷ್ಟೋ ವರ್ಷ ದುಡಿದು, ಒಂದೊಂದಾಗಿ ದನ ಕೊಂಡಿದ್ದ. ಆಮೇಲೆ ನೆಲದೊಳಗೆ ವಜ್ರ ಸಿಕ್ಕಿತು.

"ಯಾರ ಹೊಲದಾಗೆ?" ರುದ್ರಪ್ಪನವರು ಮುಂದಕ್ಕೆ ಬಗ್ಗಿ ಕೇಳಿದರು.

"ಒಂದು ಕುಲದವರ ನೆಲದಲ್ಲಿ."

"ಹಂಗಾರೆ ಆ ಕುಲದೋರು ಈಗ ಮಾರಾಜ್ರು ಅನ್ನಿ."

"ಇಲ್ಲ. ನೆಲದೊಳಗೆ ಇರೋದು ಇಡೀ ದೇಶದ್ದು ಅಂತ ಎಲ್ಲ ಕುಲದವರೂ ಮೊದಲೇ ಒಪ್ಪಿಕೊಂಡಿದ್ದರು."

"ಅದ್ಯಾವ ನ್ಯಾಯ? ಸಿಕ್ಕಿದೋನಿಗೆ ಏನು ಬಂದಂಗಾಯ್ತು?"

"ಅವನ ಮಗಳಿಗೆ ಸ್ಕೂಲು ಬಂತು" ಅಂದರು ಬಾಗಿಲಮ್ಮ. "ನನಗೂ ಬಂತು. ನಮ್ಮ ಕಡೆ ಒಂದು ವಜ್ರವೂ ಸಿಕ್ಕಿರಲಿಲ್ಲ."

ಇದನ್ನು ಕನ್ನಡಕ್ಕೆ ತಿರುಗಿಸಿದೆ. ರುದ್ರಪ್ಪನವರು ತಮ್ಮ ಅಂಗೈಯನ್ನೇ ನೋಡಿಕೊಂಡು ಕೂತರು. ದ್ಯಾವಮ್ಮ ಮಾತ್ರ, "ಎಲ್ಲಾರ್ಗೂ ಅಂದ್ರೆ ಎಲ್ಲಾರ್ಗೂನಾ?" ಎಂದು ಮೆಲ್ಲಗೆ ಕೇಳಿದಳು. ಬಾಗಿಲಮ್ಮ ಅದಕ್ಕೆ ಉತ್ತರ ಕೊಡಲು ಬಾಯಿ ತೆರೆದವರು ಯಾಕೋ ತಡೆದರು. "ಬಹಳ ಜನಕ್ಕೆ" ಅಂದರು.

ಅವರ ಊರಿಗೆ ಡಾಂಬರು ರಸ್ತೆ ಬಂದ ವರ್ಷ ಜನ ಅದರ ಮೇಲೆ ಬರಿಗಾಲಲ್ಲಿ ನಡೆದು ನೋಡಿದರಂತೆ. ಮೊದಲ ನಲ್ಲಿ ತಿರುಗಿಸಿದ ದಿನ ಅವರ ತಾಯಿ, ಬಿಂದಿಗೆ ತುಂಬಿ ಹರಿದರೂ ನಿಲ್ಲಿಸದೆ ನೋಡುತ್ತಾ ನಿಂತಿದ್ದಳಂತೆ. ಅಲ್ಲಿ ಮಳೆಗೆ 'ಪುಲ' ಅನ್ನುತ್ತಾರೆ. ದೇಶ ತನ್ನದೇ ನಾಣ್ಯ ಮಾಡಿಕೊಂಡಾಗ ಅದಕ್ಕೂ ಮಳೆ ಅಂತಲೇ ಹೆಸರಿಟ್ಟರು. "ಅಂಗಡೀಲಿ ಮಳೆ ಕೊಟ್ಟು ಸಕ್ಕರೆ ತತ್ತಾರಾ!" ಎಂದು ನಮ್ಮ ಹೆಂಗಸರು ಬೆರಗಾದರು. ಅಲ್ಲಿ ಮನುಷ್ಯರಿಗಿಂತ ದನಗಳೇ ಹೆಚ್ಚು, ಆದರೆ ಪ್ಯಾಕೆಟ್ ಹಾಲು ಪಕ್ಕದ ದೇಶದಿಂದ ಬರುತ್ತೆ ಎಂದಾಗ ಇನ್ನೂ ಬೆರಗಾದರು. ಹಾಗಾದರೆ ಆ ದನಗಳೆಲ್ಲ ಏತಕ್ಕೆ ಎಂದು ಯಾರೋ ಕೇಳಿದರು. ಮಾಂಸಕ್ಕೆ, ದೂರದ ದೇಶಗಳಿಗೆ ಕಳಿಸುತ್ತೇವೆ ಎಂದು ಬಾಗಿಲಮ್ಮ ಇದ್ದದ್ದು ಇದ್ದಂತೆ ಹೇಳಿದರು. ನಾನು ಹೆದರಿ, "ವ್ಯಾಪಾರಕ್ಕಂತೆ" ಎಂದಷ್ಟೇ ತಿರುಗಿಸಿದೆ. ನಮ್ಮ ಕೇರಿಗೆ ಅದೇನು ಹೊಸ ಸುದ್ದಿಯಲ್ಲ. ಆದರೆ ಡೈರಿಯ ಮೆಟ್ಟಿಲ ಮೇಲೆ ಆ ಮಾತು ನನ್ನ ಬಾಯಿಂದ ಬರುವುದು ಬೇಡವಾಗಿತ್ತು.

ಒಂದು ಭಾನುವಾರ ಅವರನ್ನು ಹಳೇಬೀಡಿಗೆ ಕರೆದುಕೊಂಡು ಹೋದೆ. ಮೊದಲು ಬಸ್ತಿಹಳ್ಳಿಯ ಬಸದಿಗೆ. ಅಲ್ಲಿಯ ಕಂಬಗಳು ಕಪ್ಪು ಕನ್ನಡಿಯ ಹಾಗಿವೆ. ಬಾಗಿಲಮ್ಮ ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಹಿಂದೆ ಸರಿದು, ಮತ್ತೆ ಹತ್ತಿರ ಹೋಗಿ, "ಕಲ್ಲನ್ನು ಇಷ್ಟು ತಾಳ್ಮೆಯಿಂದ ಉಜ್ಜಿದವರು ಯಾರು?" ಅಂದರು. ಆಮೇಲೆ ದೊಡ್ಡ ಗುಡಿ. ಆನೆಗಳ ಸಾಲು ಮುಗಿಯುವವರೆಗೆ ಗೋಡೆಯ ಪಕ್ಕದಲ್ಲೇ ನಡೆದರು. ಎಷ್ಟೋ ಸಲ ನೋಡಿದ್ದ ಗೋಡೆ ಅವತ್ತು ನನಗೂ ಹೊಸದಾಗಿ ಕಂಡಿತು. ಹಿಂದಕ್ಕೆ ಬಂದಾಗ ನಂದಿಮಂಟಪ. ಆ ಭಾರಿ ನಂದಿಯ ಮುಂದೆ ಅವರು ಗಕ್ಕನೆ ನಿಂತುಬಿಟ್ಟರು. ಕೊರಳ ಗೆಜ್ಜೆ, ಮಡಿಸಿದ ಕಾಲು, ನುಣುಪಾದ ಬೆನ್ನು. ಎಲ್ಲ ನೋಡಿ ನೆಲದ ಮೇಲೆ ಕೂತರು. ಬಿಕ್ಕಿ ಬಿಕ್ಕಿ ಅಳತೊಡಗಿದರು.

ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು. ಕೆಲವು ವರ್ಷದ ಹಿಂದೆ ಅವರ ಜಿಲ್ಲೆಯ ದನಗಳಿಗೆ ಶ್ವಾಸಕೋಶದ ರೋಗ ಬಂತು. ಗಡಿಯಾಚೆಯಿಂದ ಬಂದ ಅಂಟುರೋಗ. ಬೇಲಿ ಹಾಕಿದರು, ನಿಲ್ಲಲಿಲ್ಲ. ಬಿಟ್ಟರೆ ಇಡೀ ದೇಶದ ದನ ಹೋಗುತ್ತೆ, ದೂರದ ದೇಶಗಳು ಮಾಂಸ ಕೊಳ್ಳುವುದನ್ನು ನಿಲ್ಲಿಸುತ್ತವೆ ಎಂದು, ಆ ಜಿಲ್ಲೆಯ ದನಗಳನ್ನೆಲ್ಲ, ರೋಗ ಇದ್ದದ್ದು ಇಲ್ಲದ್ದು ನೋಡದೆ, ಕೊಂದು ಹೂಳಬೇಕೆಂದು ಸರ್ಕಾರ ತೀರ್ಮಾನಿಸಿತು. ದನದ ಯಜಮಾನರಿಗೆ ಪರಿಹಾರ ಕೊಟ್ಟಿತು. "ನಮ್ಮಜ್ಜನನ್ನು ಹೂಳಿದ್ದು ದನದ ದೊಡ್ಡಿಯೊಳಗೆ. ಸತ್ತ ಮೇಲೂ ದನದ ಕಾಲ ಸದ್ದು ಕೇಳಬೇಕು ಅಂತ" ಅಂದರು. "ನಮ್ಮಪ್ಪನ ದೊಡ್ಡಿಗೆ ಪಟ್ಟಿ ಹಿಡಿದು ಹೋದ ಅಧಿಕಾರಿ ನಾನೇ, ಭಾಗ್ಯ. ಒಂದೊಂದು ದನ ಹೊರಗೆ ಹೋಗುವಾಗಲೂ ಅಪ್ಪ ಅದರ ಹೆಸರು ಹಿಡಿದು ಕರೆದ. ಕೊನೆಯದು ಹೋದ ಮೇಲೆ ದೊಡ್ಡಿಯ ಬಾಗಿಲು ಹಾಕಿದ. ಆಮೇಲೆ ನನ್ನ ಜೊತೆ ಮಾತಾಡಿಲ್ಲ."

ದೇಶ ಉಳಿಯಿತಾ ಎಂದು ಕೇಳಿದೆ. ಉಳಿಯಿತು ಅಂದರು. ಉಳಿದ ಜಿಲ್ಲೆಗಳ ದನ, ವ್ಯಾಪಾರ, ಎಲ್ಲ ಉಳಿಯಿತು. "ಅದು ಸರಿಯಾದ ತೀರ್ಮಾನ. ನಾನು ಇವತ್ತೂ ಹಾಗೇ ಹೇಳುತ್ತೇನೆ" ಎಂದು ಕಣ್ಣೊರೆಸಿಕೊಂಡರು. ಒಂದು ದೇಶ ಮೇಲೇಳುವುದು ಅಂದರೆ ರಸ್ತೆ, ನಲ್ಲಿ, ಸ್ಕೂಲು ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅದಕ್ಕಾಗಿ ಒಬ್ಬ ಮಗಳು ತನ್ನಪ್ಪನ ದೊಡ್ಡಿಗೆ ಪಟ್ಟಿ ಹಿಡಿದು ಹೋಗಬೇಕಾಗುತ್ತೆ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕೂತ ಆ ಹೆಂಗಸನ್ನು ನೋಡಲು ನನಗೆ ಒಂಥರಾ ಭಯವಾಗುತ್ತಿತ್ತು. ದೊಡ್ಡ ಬೆಟ್ಟದ ಬುಡದಲ್ಲಿ ನಿಂತಾಗ ಆಗುತ್ತದಲ್ಲ, ಅಂಥ ಭಯ.

ಇದಾಗಿ ಹತ್ತು ದಿನವಿರಬೇಕು. ಬೆಳಿಗ್ಗೆ ಡೈರಿಯಲ್ಲಿ ದ್ಯಾವಮ್ಮ ತಂದ ಹಾಲು ದಿನದ ಕಾಲು ಭಾಗವೂ ಇರಲಿಲ್ಲ. "ಕರ ಕುಡ್ಕೊಂಬುಡ್ತು" ಎಂದು ತಲೆ ತಗ್ಗಿಸಿ ಹೋದಳು. ಬಾಗಿಲಮ್ಮ ಅವಳ ಹಿಂದೆಯೇ ಹೊರಟರು. ನಾನೂ ಓಡಿದೆ. ದ್ಯಾವಮ್ಮ ಗಂಡನಿಲ್ಲದ ಹೆಂಗಸು. ಆ ಒಂದು ಹಸುವಿನಲ್ಲೇ ಅವಳ ಸಂಸಾರ ನಡೆಯುತ್ತಿತ್ತು. ಕೊಟ್ಟಿಗೆಯಲ್ಲಿ ಹಸು ಒಂದು ಕಾಲನ್ನು ಎತ್ತೆತ್ತಿ ಇಡುತ್ತಿತ್ತು. ತುಟಿ ಚಪ್ಪರಿಸುವ ಸದ್ದು. ಬಾಯಿಂದ ನೂಲಿನಂತೆ ಜೊಲ್ಲು. ಬಾಗಿಲಮ್ಮ ಅದರ ಬಾಯಿ ಬಿಡಿಸಿ ನೋಡಿದರು, ಗೊರಸಿನ ಸಂದು ನೋಡಿದರು. ಎರಡೂ ಕಡೆ ಗುಳ್ಳೆ.

"ಕಾಲುಬಾಯಿ ಜ್ವರ" ಅಂದೆ ನಾನು. ಅದನ್ನು ಹೇಳಲು ಡಾಕ್ಟರೇನೂ ಬೇಕಿರಲಿಲ್ಲ.

ದ್ಯಾವಮ್ಮ ನನ್ನ ಕೈ ಹಿಡಿದುಕೊಂಡಳು. "ಭಾಗ್ಯವ್ವ, ನಿನ್ ಕಾಲಿಗೆ ಬೀಳ್ತೀನಿ, ಯಾರ್ಗೂ ಹೇಳ್ಬ್ಯಾಡ ಕಣವ್ವ. ನಮ್ ಕೇರಿ ಹಾಲ್ನ ಅವರ ಕ್ಯಾನಿಗೆ ಹುಯ್ಯೋಕೆ ಬಿಟ್ಟು ಎಷ್ಟ್ ವರ್ಸ ಆಯ್ತು? ಈಗ ಕೇರಿಯಿಂದ್ಲೇ ರೋಗ ಬಂತು ಅಂದ್ರೆ ಆ ಬಾಗ್ಲೂ ಮುಚ್ಚೋಯ್ತದೆ."

ಅವಳ ಮಾತು ಸುಳ್ಳಲ್ಲ. ನಮ್ಮ ಕೇರಿಯ ಹಾಲು ಊರಿನ ಹಾಲಿನ ಜೊತೆ ಬೆರೆಯಲು ಎಷ್ಟೋ ವರ್ಷ ಕಾದಿತ್ತು. ಆದರೆ ಇನ್ನೊಂದು ಸಂಗತಿಯೂ ಇತ್ತು. ಮಾರನೆಯ ಬೆಳಿಗ್ಗೆ ಅರಸೀಕೆರೆ ಕಡೆ ದನದ ಸಂತೆ. ಊರಿನ ಎಷ್ಟೋ ಜೋಡಿ ಹೊರಡುವುದರಲ್ಲಿದ್ದವು. ರುದ್ರಪ್ಪನವರು ತಮ್ಮ ಅಮೃತಮಹಲ್ ಹೋರಿಗಳ ಕೊಂಬನ್ನು ಹೆರೆಸಿ ಎಣ್ಣೆ ಹಚ್ಚಿಸಿದ್ದರು. ಅವು ಹೊರಟರೆ ರೋಗ ತಾಲ್ಲೂಕೆಲ್ಲ ಹರಡುತ್ತಿತ್ತು. ಇದನ್ನೆಲ್ಲ ಹೇಳಿ ಕೊನೆಗೆ ದ್ಯಾವಮ್ಮನನ್ನು ಒಪ್ಪಿಸಿ, ಡಾಕ್ಟರಿಗೆ ಹೇಳಿ ಕಳಿಸಿದೆವು. ಬಾಣಾವರದಿಂದ ದನದ ಡಾಕ್ಟರು ಮಧ್ಯಾಹ್ನ ಬಂದು ನೋಡಿದರು, ಅದೇ ರೋಗ ಎಂದರು. "ಹಾಸನದಿಂದ ಲಸಿಕೆ ತರ್ಬೇಕು, ಎರಡು ದಿನ ಆಗುತ್ತೆ. ಅಲ್ಲೀವರೆಗೆ ಒಂದು ದನಾನೂ ಊರು ಬಿಡಬಾರದು. ಹೇಳಿ ನೋಡಿ, ಕೇಳ್ತಾರಾ?" ಎಂದು ಬೈಕು ಹತ್ತಿದರು.

ಹೊತ್ತು ಮುಳುಗುವ ಮುಂಚೆ ಅರಳಿಕಟ್ಟೆಯ ಹತ್ತಿರ ಊರು ಸೇರಿಸಬೇಕೆಂದು ಬಾಗಿಲಮ್ಮನೇ ರುದ್ರಪ್ಪನವರನ್ನು ಕೇಳಿದರು. ಯಾಕೆ ಅಂತ ಹೇಳಲಿಲ್ಲ. ಅವರ ಮೇಲಿನ ಮರ್ಯಾದೆಗೆ ಜನ ಬಂದರು. ಊರಿನವರು ಕಟ್ಟೆಯ ಮೇಲೆ, ಸುತ್ತ ಮುತ್ತ. ನಮ್ಮ ಕೇರಿಯವರು ಎಂದಿನಂತೆ ರಸ್ತೆಯ ಆಚೆ. ಬಾಗಿಲಮ್ಮನಿಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ಅವರು ಕೂರಲಿಲ್ಲ. ಕಟ್ಟೆಗೂ ರಸ್ತೆಗೂ ನಡುವೆ, ಮಣ್ಣಿನ ಮೇಲೆ ಕೂತರು. ಅವರ ಪಕ್ಕ ನಾನು. ಅವರ ದೇಶದಲ್ಲಿ ಊರಿನ ಸಭೆಗೆ ಒಂದು ಜಾಗ ಇರುತ್ತದಂತೆ. ಅಲ್ಲಿ ಮುಖ್ಯಸ್ಥ ಕೊನೆಗೆ ಮಾತಾಡುತ್ತಾನೆ, ಅವನಿಗಿಂತ ಮೊದಲು ಯಾರು ಬೇಕಾದರೂ ಮಾತಾಡಬಹುದು, ತಡೆಯುವ ಹಾಗಿಲ್ಲ. "ಇವತ್ತು ಹಾಗೆ ಮಾಡೋಣ. ಮೊದಲು ದ್ಯಾವಮ್ಮ" ಅಂದರು.

ದ್ಯಾವಮ್ಮ ರಸ್ತೆ ದಾಟಿ ಬಂದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. "ನಮ್ ಹಸೀಗೆ ಕಾಲುಬಾಯಿ ಆಗೈತೆ" ಎಂದಳು. ಅಷ್ಟೇ.

ಕಟ್ಟೆಯ ಮೇಲೆ ಗದ್ದಲವೆದ್ದಿತು. "ನೋಡ್ಲಾ, ಅಲ್ಲಿಂದ್ಲೇ ಸುರುವಾಯ್ತು!" "ನಾಳೆಯಿಂದ ಆ ಹಾಲು ಬ್ಯಾಡ!" "ನಮ್ ದನಕ್ಕೇನಾಗೈತೆ? ನಾವು ಸಂತೆಗೆ ಹೋಗೋರೇ!" ರುದ್ರಪ್ಪನವರು ಎದ್ದು ನಿಂತು ಕೈಯೆತ್ತಿದರು. "ಟೀಚರಮ್ಮ, ನಿಮ್ಮ ಮೇಡಮ್‌ಗೆ ಹೇಳು. ಕೇರಿ ದನಾನ ಕೇರೀಲಿ ಕಟ್ಟಾಕ್ಲಿ. ಊರಿನ ದನ ಯಾಕೆ ತಡೀಬೇಕು?"

ನಾನು ತಿಳಿಸಿದೆ. ಬಾಗಿಲಮ್ಮ ಎದ್ದು ನಿಂತರು. ಹಳೇಬೀಡಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದರು. ಅಪ್ಪನ ದೊಡ್ಡಿ, ಪಟ್ಟಿ, ಹೆಸರು ಹಿಡಿದು ಕರೆದದ್ದು. ಈ ಸಲ ನಾನು ಒಂದು ಪದವನ್ನೂ ಮುಚ್ಚಿಡಲಿಲ್ಲ. ಕೊಂದರು ಎಂದಾಗ ಕಟ್ಟೆಯ ಮೇಲಿದ್ದ ಮುದುಕರು "ಶಿವಶಿವಾ" ಎಂದು ಕಿವಿ ಮುಚ್ಚಿಕೊಂಡರು. ಆಮೇಲೆ ಅವರು ನನಗೂ ಹೇಳಿರದಿದ್ದ ಮಾತು ಶುರು ಮಾಡಿದರು.

"ನಮ್ಮಲ್ಲಿ ಬಸರ್ವಾ ಅನ್ನುವ ಜನ ಇದ್ದಾರೆ. ನಮಗಿಂತ ಮೊದಲಿಂದ ಆ ನೆಲದಲ್ಲಿದ್ದವರು. ನಮ್ಮ ದನ ಕಾಯುವುದು ಅವರೇ. ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು ಅಂದೆನಲ್ಲ, ಅವರು ಮಾತಾಡಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿಯೇ ಇಲ್ಲ. ನಮ್ಮಪ್ಪನ ದನ ಕಾಯುತ್ತಿದ್ದ ಮುದುಕ ಒಬ್ಬನಿದ್ದ. ಒಂದು ಹಸು ಕೆಮ್ಮುವುದನ್ನು ಎಲ್ಲರಿಗಿಂತ ಮೊದಲು ಕೇಳಿದವನು ಅವನು. ಅಪ್ಪನಿಗೆ ಬಂದು ಹೇಳಿದ. ನಿನಗೇನು ಗೊತ್ತು, ಹೋಗು ಅಂದ ಅಪ್ಪ. ನಾನು ಅಲ್ಲೇ ಇದ್ದೆ. ಪಶು ಇಲಾಖೆಯ ಅಧಿಕಾರಿ, ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ನಾನೂ ಅವನ ಮಾತು ಕೇಳಲಿಲ್ಲ. ಕೇಳಿದ್ದರೆ ಎಲ್ಲ ಉಳಿಯುತ್ತಿತ್ತು ಅಂತ ಹೇಳಲಾರೆ. ಆದರೆ ಕೇಳಲಿಲ್ಲ."

ಕೊನೆಯ ಮಾತನ್ನೂ ತಿರುಗಿಸಿ ಮುಗಿಸಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ನನ್ನದು ಮುಗಿಯಿತು. ಇದು ನಿನ್ನೂರು. ಇನ್ನು ನೀನು ಹೇಳು" ಎಂದು ಕೂತುಬಿಟ್ಟರು.

ಎಷ್ಟೋ ದಿನದಿಂದ ಬೇರೆಯವರ ಮಾತನ್ನೇ ಆಡಿ ಆಡಿ ನನ್ನ ಬಾಯಿ ಒಣಗಿತ್ತು. ಕಟ್ಟೆಯ ಕಡೆ ಮುಖ ಮಾಡಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. "ರೋಗ ಗಾಳಿಯಲ್ಲಿ ಬತ್ತದೆ, ಅದಕ್ಕೆ ಕೇರಿ ಊರು ಅಂತ ಗೊತ್ತಾಗಲ್ಲ. ದ್ಯಾವಮ್ಮ ಮುಚ್ಚಿಟ್ಟಿದ್ದರೆ ನಿಮಗೆ ಗೊತ್ತಾಗ್ತಾನೇ ಇರಲಿಲ್ಲ. ಹೇಳಿದ್ದಕ್ಕೆ ಅವಳ ಹಾಲು ಬೇಡ ಅಂದ್ರೆ, ನಾಳೆ ನಿಮ್ಮ ಮನೆ ಕೊಟ್ಟಿಗೆಯಲ್ಲಿ ಹಿಂಗಾದಾಗ ಯಾರು ಬಾಯಿ ಬಿಡ್ತಾರೆ?" ಎಂದದ್ದು ಮಾತ್ರ ನೆನಪಿದೆ. ಆ ಕಟ್ಟೆಯ ಮುಂದೆ ನಮ್ಮ ಕೇರಿಯ ಹೆಣ್ಣೊಬ್ಬಳು ದನಿಯೆತ್ತಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ರಸ್ತೆಯ ಆಚೆ ಅಪ್ಪ ತಲೆಯ ಮೇಲಿನ ಟವಲು ತೆಗೆದು ಹಿಡಿದುಕೊಂಡು ನಿಂತಿದ್ದ.

ರುದ್ರಪ್ಪನವರು ಕಟ್ಟೆಯಿಂದ ಇಳಿದರು. ಮಗನನ್ನು ಕೂಗಿ, "ಹೋರಿ ಬಿಡ್ಬ್ಯಾಡ ಕಣ್ಲಾ. ನಮ್ಮವು ಸಂತೆಗೆ ಹೋಗಲ್ಲ" ಎಂದರು. ಆಮೇಲೆ ದ್ಯಾವಮ್ಮನ ಕಡೆ ತಿರುಗಿ, "ಎಲ್ಲೈತಮ್ಮ ನಿನ್ನ ಹಸ? ತೋರ್ಸು, ನಡಿ" ಎಂದು ರಸ್ತೆ ದಾಟಿದರು. ಅವರು ನಮ್ಮ ಕೇರಿಯೊಳಕ್ಕೆ ಕಾಲಿಟ್ಟದ್ದನ್ನು ನೋಡುತ್ತಾ ನಾನು ಬಾಗಿಲಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಮಾರನೆಯ ದಿನ ನಮ್ಮೂರಿನಿಂದ ಒಂದು ದನವೂ ಹೊರಗೆ ಹೋಗಲಿಲ್ಲ.

ಆಮೇಲಿನ ಮೂರು ವಾರ ಊರೆಲ್ಲ ಒಂದೇ ಕೆಲಸ. ಲಸಿಕೆ ಬಂತು. ಅದಕ್ಕೆ ಮುಂಚೆಯೇ ಇನ್ನಷ್ಟು ಕೊಟ್ಟಿಗೆಗಳಿಗೆ ರೋಗ ತಗುಲಿತ್ತು, ಕೇರಿಯಲ್ಲೂ ಊರಿನಲ್ಲೂ. ಹಂಡೆಗಳಲ್ಲಿ ಸೋಡಾ ನೀರು ಕಾಸಿ ಗೊರಸು ತೊಳೆಯುವುದು, ಮೇಯಲಾರದ ದನಗಳಿಗೆ ರಾಗಿ ಅಂಬಲಿ ಆರಿಸಿ ಕುಡಿಸುವುದು. ಬಾಗಿಲಮ್ಮ ಒಂದು ಕೊಟ್ಟಿಗೆಯಿಂದ ಬರುವಾಗ ಬೂಟು ತೊಳೆಯದೆ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ, ಯಾರನ್ನೂ ಬಿಡುತ್ತಿರಲಿಲ್ಲ. ಸ್ಕೂಲಿಗೆ ಹೋಗುವ ಮುಂಚೆ, ಬಂದ ಮೇಲೆ ನಾನೂ ಅವರ ಜೊತೆ. ನಾಲ್ಕಾರು ಎಳೇ ಕರುಗಳು ಸತ್ತವು. ರುದ್ರಪ್ಪನವರ ಒಂದು ಹೋರಿ ಬದುಕಿತು, ಆದರೆ ಆಮೇಲೆ ಬಿಸಿಲು ಕಂಡರೆ ಏದುಸಿರು ಬಿಡುತ್ತಿತ್ತು. ಉಳಿದವೆಲ್ಲ ಎದ್ದು ನಿಂತವು. ದ್ಯಾವಮ್ಮನ ಹಸು ಮೊದಲ ಸಲ ಒಣಹುಲ್ಲು ಎಳೆದುಕೊಂಡ ಬೆಳಿಗ್ಗೆ ಬಾಗಿಲಮ್ಮ ಕೊಟ್ಟಿಗೆಯಲ್ಲೇ ಕೈ ತಟ್ಟಿ ಕುಣಿದರು. ಇಡೀ ಕೇರಿ ನೋಡಲು ಬಂತು.

ಊರು ಒಂದೇ ಸಲಕ್ಕೆ ಬದಲಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬೇರೆ ಲೋಟ ಇನ್ನೂ ಕೆಲವು ವರ್ಷ ಇತ್ತು. ಆದರೆ ಡೈರಿಯ ಕ್ಯಾನಿನ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಡೈರಿಯ ಸಭೆ ನಡೆದಾಗಲೆಲ್ಲ "ದ್ಯಾವಮ್ಮ ಏನಂತಾಳೆ ಕೇಳ್ರಲಾ" ಎಂದು ರುದ್ರಪ್ಪನವರು ಕೇಳುವುದನ್ನು ಅಭ್ಯಾಸ ಮಾಡಿಕೊಂಡರು.

ಬಾಗಿಲಮ್ಮ ಹೊರಟ ದಿನ ಬಾಣಾವರದ ಪ್ಲಾಟ್‌ಫಾರಂ ತುಂಬ ನಮ್ಮೂರಿನವರೇ. ವರ್ಷಕ್ಕೆ ಒಂದೆರಡು ಕಾಗದ ಬರುತ್ತಿತ್ತು. ನಮ್ಮ ಡೈರಿಯಲ್ಲಿ ನೋಡಿ ಹೋದದ್ದನ್ನು ಅಲ್ಲಿ ಮಾಡಹೊರಟು, ಅರ್ಧ ಗೆದ್ದು ಅರ್ಧ ಸೋತದ್ದನ್ನು ಬರೆದರು. ಅವರ ದೇಶದಲ್ಲಿ ಏಡ್ಸ್ ಮನೆಮನೆಗೂ ನುಗ್ಗಿ, ವಾರವಾರವೂ ಮಣ್ಣಿಗೆ ಹೋಗುವುದೇ ಕೆಲಸವಾಗಿದೆ ಎಂದು ಬರೆದರು. ಇಷ್ಟು ಕಷ್ಟಪಟ್ಟು ಕಟ್ಟಿದ್ದೆಲ್ಲ ಕಣ್ಣೆದುರಿಗೇ ಬೀಳುತ್ತದೇನೋ ಎಂದು ಹೆದರಿದ್ದರು. ಮುಂದಿನ ಕಾಗದದಲ್ಲಿ, ಸರ್ಕಾರವೇ ಎಲ್ಲರಿಗೂ ಬಿಟ್ಟಿಯಾಗಿ ಔಷಧ ಕೊಡಲು ಶುರು ಮಾಡಿದೆ, ಹಾಸಿಗೆ ಹಿಡಿದಿದ್ದ ತಂಗಿ ಎದ್ದು ಓಡಾಡುತ್ತಿದ್ದಾಳೆ ಎಂದಿತ್ತು. ನೆಲದೊಳಗಿನದ್ದು ಎಲ್ಲರದ್ದು ಎಂದು ಒಪ್ಪಿದ್ದ ಜನ, ಔಷಧವೂ ಎಲ್ಲರದ್ದು ಎಂದುಕೊಂಡರಲ್ಲ ಎಂದು ನಾನು ಆ ಕಾಗದವನ್ನು ಎರಡು ಸಲ ಓದಿದೆ.

ಅದಾದ ಮೇಲೆ ಬಂದದ್ದು ಅತಿ ಉದ್ದನೆಯ ಕಾಗದ. ನಮ್ಮಪ್ಪ ಕೊನೆಗೂ ನನ್ನ ಜೊತೆ ಮಾತಾಡಿದ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರು. ಬಾಣಾವರದ ಕಡೆಯ ಒಂದು ಊರಿನಲ್ಲಿ ಸಭೆಯ ಮುಂದೆ ತಾನು ಯಾರ ಸುದ್ದಿ ಹೇಳಿದೆ ಅನ್ನುವುದನ್ನು ಅಪ್ಪನ ಮುಂದೆ ಕೂತು ಹೇಳಿದರಂತೆ. ಅಪ್ಪ ಎದ್ದು, ನಡಿ ಹೋಗೋಣ ಅಂದನಂತೆ. ಇಬ್ಬರೂ ಜೀಪಿನಲ್ಲಿ ಮರಳುದಾರಿ ಹಿಡಿದು, ದನ ಕಾಯುತ್ತಿದ್ದ ಆ ಮುದುಕನನ್ನು ಹುಡುಕಿಕೊಂಡು ಹೋದರು. ಬದುಕಿದ್ದ. ಸರ್ಕಾರ ಕೊಟ್ಟ ಕೆಲವು ಮೇಕೆ, ಎರಡು ಹಸು ಅವನ ಸ್ವಂತದ್ದಾಗಿದ್ದವು. ಅಷ್ಟು ವರ್ಷ ತಮ್ಮ ದನ ಕಾದವನನ್ನು ಅವರ ಮನೆಯಲ್ಲಿ 'ಮುದುಕ' ಎಂದೇ ಕರೆಯುತ್ತಿದ್ದರಂತೆ. ಅಪ್ಪ ಅವನೆದುರಿಗೆ ಕೂತು, "ನಿನ್ನ ಹೆಸರೇನು?" ಎಂದು ಕೇಳಿದನಂತೆ.

ಆ ಹೆಸರನ್ನು ಬಾಗಿಲಮ್ಮ ಕಾಗದದಲ್ಲಿ ಬರೆದಿದ್ದರು. ಮೊದಲಿಗೆ ಒಂದು ನೆಟ್ಟನೆಯ ಗೀಟು, ಆಮೇಲೆ 'ಗಾಓ'. ಆ ಗೀಟು ಅಕ್ಷರವಲ್ಲ, ನಾಲಿಗೆಯಿಂದ ಹೊರಡಿಸುವ ಒಂದು ಸದ್ದು, ನನಗೂ ಸರಿಯಾಗಿ ಬರುವುದಿಲ್ಲ ಎಂದು ಪಕ್ಕದಲ್ಲಿ ಬರೆದಿದ್ದರು.

ಅಷ್ಟರಲ್ಲಿ ಹಾಸನ ಸೇರಿದ್ದ ನಾನು ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಕಾಗದವನ್ನು ದ್ಯಾವಮ್ಮನಿಗೆ ಓದಿ ಹೇಳಿದೆ. ಅವಳಿಗೆ ಆಗ ಕಣ್ಣು ಮಂಜಾಗಿತ್ತು, ಆದರೂ ಕಾಗದ ಇಸಕೊಂಡು ಆ ಗೀಟಿನ ಮೇಲೆ ಬೆರಳಿಟ್ಟು ನೋಡಿದಳು. "ಏನ್ ಸದ್ದವ್ವ ಅದು?"

"ನಾಲಿಗೇನ ಹಲ್ಲಿನ ಹಿಂದೆ ಒತ್ತಿ ಎಳೀಬೇಕಂತೆ. ನನಗೆ ಬರಲ್ಲ."

ದ್ಯಾವಮ್ಮ ಸ್ವಲ್ಪ ಯೋಚಿಸಿದಳು. ಗಾಡಿಯ ಎತ್ತು ನಿಂತುಬಿಟ್ಟಾಗ ಅದನ್ನು ಹೊರಡಿಸಲು ನಾಲಿಗೆಯಲ್ಲಿ ಒಂದು ಸದ್ದು ಮಾಡುತ್ತೇವಲ್ಲ, ಅದನ್ನು ಮಾಡಿ, ಅದರ ಹಿಂದೆಯೇ "ಗಾಓ" ಎಂದಳು. ಸರಿಹೋಗಲಿಲ್ಲ ಎಂದು ತಲೆಯಾಡಿಸಿದಳು. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸರಿಯಾಗಿ ಬರುವವರೆಗೂ, ಮತ್ತೆ ಮತ್ತೆ, ಅವನ ಹೆಸರು ಕರೆದಳು.